ಏಳನೇ ತರಗತಿ ಓದದೆ ಎಸ್ಸೆಸ್ಸೆಲ್ಸಿಗೆ ಬಂದ ಮಕ್ಕಳು

2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಎಲ್ಲರ ಬಾಯಲ್ಲೂ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಯ ಮೇಲೆ ಕ್ಯಾಮೆರಾದಲ್ಲಿ ನೇರ ನಿಗಾ) ಮಾತೇ. ಹಿಂದಿನ ವರ್ಷ ಶೇ 83.89 ಇದ್ದದ್ದು 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ಬಂತು, ನಕಲು ನಿಂತಿತು, ಬಣ್ಣ ಬಯಲಾಯಿತು ಅಂತ ಮಾತು ಮುಗಿಸಿದರು. ನಕಲು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಕ್ಕಳು ಏಳನೇ ತರಗತಿ ಎಲ್ಲಿ ಓದಿದ್ದರು ಅಂತ ಕೇಳಿದವರು ನನಗಂತೂ ಕಾಣಲಿಲ್ಲ.

ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಅವರು ಆರನೇ ತರಗತಿಯ ಕೊನೆಯಲ್ಲಿದ್ದರು. ಪರೀಕ್ಷೆ ಇಲ್ಲದೆ ಏಳಕ್ಕೆ ಪಾಸಾದರು. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ, ಗುಡಿ ಕಟ್ಟೆ, ಮರದ ನೆರಳು, ಜಾಗ ಸಿಕ್ಕಲ್ಲಿ ಪಾಠ ನಡೆಯಿತು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಫೆಬ್ರವರಿ ಕೊನೆಗೆ ಪೂರ್ತಿ ದಿನದ ತರಗತಿಗೆ ಬಂದು ಕೂತರೆ, ಏಪ್ರಿಲ್‌ಗೆ ಎರಡನೇ ಅಲೆ. ಮತ್ತೆ ಬಾಗಿಲು ತೆರೆದದ್ದು ಸೆಪ್ಟೆಂಬರ್ 6ಕ್ಕೆ. ಅಷ್ಟರಲ್ಲಿ ಅವರು ಎಂಟನೇ ತರಗತಿ!

ಆನ್‌ಲೈನ್ ಇತ್ತಲ್ಲ ಅನ್ನುವವರಿಗೆ: 2021ರ ಆಗಸ್ಟ್‌ನಲ್ಲಿ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಮಾತಾಡಿಸಿದ ಸಮೀಕ್ಷೆಯಲ್ಲಿ, ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ಶೇ 8. ಏನೂ ಓದದೇ ಇದ್ದವರು ಶೇ 37. ನಮ್ಮ ರಾಯಚೂರು ಕಡೆ ಇದನ್ನು ಹೇಳೋಕೆ ಸಮೀಕ್ಷೆಯೇ ಬೇಕಿರಲಿಲ್ಲ. ಮನೆಗೊಂದು ಫೋನು, ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ. ಮಕ್ಕಳು ಅವ್ವನ ಜೊತೆ ಹತ್ತಿ ಬಿಡಿಸೋಕೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ನಡೆದಿತ್ತು. ಗುಣಿಸಿದರೆ 15, ಕೂಡಿದರೆ ಮೈನಸ್ 8 ಬರುವ ಎರಡು ಸಂಖ್ಯೆ ಹುಡುಕಬೇಕು. ಒಬ್ಬ ಹುಡುಗ ಮೈನಸ್ 3, ಮೈನಸ್ 5 ಅಂತ ಸರಿಯಾಗಿಯೇ ಬರೆದ. ಬರೆದು, ತಾನೇ ಅಳಿಸಿಬಿಟ್ಟ. ಯಾಕೋ ಅಂದರೆ, "ಮೈನಸ್ ಮೈನಸ್ ಪ್ಲಸ್ ಆಗ್ತದಲ್ರಿ ಸರ್, ಪ್ಲಸ್ ಎಂಟ್ ಬರ್ತದ" ಅಂದ. ಗುಣಾಕಾರದ ನಿಯಮ ಯಾವುದೋ ಗೈಡಿನಿಂದ ಬಾಯಿಪಾಠವಾಗಿತ್ತು. ಕೂಡುವಾಗ ಅದು ನಡೆಯೋದಿಲ್ಲ ಅಂತ ಸಂಖ್ಯಾರೇಖೆ ಎಳೆದು ತೋರಿಸುವ ತರಗತಿ ಅವನ ಬದುಕಿನಲ್ಲಿ ನಡೆದೇ ಇರಲಿಲ್ಲ. ದಡ್ಡ ಅಲ್ಲ ಅವನು. ಉತ್ತರ ಅವನ ಕೈಯಲ್ಲೇ ಇತ್ತು.

ಕೊರೊನಾದಿಂದ ಕಲಿಕೆಗೆ ಆದ ಹಾನಿ ಅಂದಾಗೆಲ್ಲ ನಾವು ಅಕ್ಷರ ಬಾರದ ಪುಟ್ಟ ಮಕ್ಕಳ ಬಗ್ಗೆ ಮಾತಾಡಿದೆವು. ಮಾತಾಡಬೇಕಾದ್ದೇ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಎಎಸ್‌ಇಆರ್ (ಅಸರ್) ಸಮೀಕ್ಷೆಯ ವರದಿ ನೋಡಿದರೆ, ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 27.3 ಇದ್ದವರು 2022ಕ್ಕೆ 20.5 ಆದರು. ಎಂಟನೇ ತರಗತಿಯಲ್ಲಿ ಅದೇ ಲೆಕ್ಕ 73ರಿಂದ 69.6ಕ್ಕೆ ಮಾತ್ರ ಇಳಿಯಿತು. ಭಾಗಾಕಾರದಲ್ಲಂತೂ ಎಂಟನೆಯವರು ಇದ್ದಲ್ಲೇ ಇದ್ದರು. ದೊಡ್ಡ ಮಕ್ಕಳು ಬಚಾವಾದರು ಅಂತ ಅನಿಸುವುದು ಸಹಜ. ಆದರೆ ಅಲ್ಲಿ ಅಳೆದದ್ದು ಅವರು ಕೊರೊನಾಕ್ಕೆ ಮೊದಲೇ ಕಲಿತಿದ್ದನ್ನು. ಶಾಲೆ ಮುಚ್ಚಿದಾಗ ಕಲಿಯಬೇಕಿದ್ದ ಪೂರ್ಣಾಂಕ, ಭಿನ್ನರಾಶಿಗಳ ಗುಣಾಕಾರ, ಸರಳ ಸಮೀಕರಣ ಆ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಹೈಸ್ಕೂಲಿನ ಗಣಿತ, ವಿಜ್ಞಾನ ಎರಡೂ ನಿಂತಿರೋದು ಅದರ ಮೇಲೆ.

2022-23ರಲ್ಲಿ, ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ಸರ್ಕಾರದ ಕಾರ್ಯಕ್ರಮ ಕಲಿಕಾ ಚೇತರಿಕೆ ಬಂತು. ಆಶಯ ಒಳ್ಳೆಯದೇ. ಒಂದು ವರ್ಷ ಕಲಿಕಾ ಹಾಳೆ ತುಂಬಿಸಿದೆವು, ದಾಖಲೆ ಬರೆದೆವು, ಮರುವರ್ಷ ಅವೇ ಮಕ್ಕಳು ಹತ್ತಕ್ಕೆ ಬಂದಾಗ ಮತ್ತೆ ಸಿಲಬಸ್ಸು, ಪಾಸಾಗುವಷ್ಟೇ ಪ್ರಶ್ನೆ ಬಾಯಿಪಾಠ ಮಾಡಿಸುವ ಪಾಸಿಂಗ್ ಪ್ಯಾಕೇಜು. ಇನ್ನು ಎಂಟನೆಗೆ ಬರಬೇಕಿದ್ದ ಕೆಲವು ಹುಡುಗಿಯರು ಶಾಲೆಗೆ ವಾಪಸ್ ಬರಲೇ ಇಲ್ಲ. ಅವರು ಯಾವ ಫಲಿತಾಂಶದ ಪಟ್ಟಿಯಲ್ಲೂ ಇಲ್ಲ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. 2020-21ರಲ್ಲಿ ಎರಡನೇ ತರಗತಿಯಲ್ಲಿದ್ದವರು 2026ರ ಜೂನ್‌ನಲ್ಲಿ ಎಂಟಕ್ಕೆ ಬರುವವರು. ಅಕ್ಷರ ಕೂಡಿಸುವ ವಯಸ್ಸಿನಲ್ಲೇ ಶಾಲೆ ಕಳೆದುಕೊಂಡವರು ಅವರು. ಹಿಂದಿನ ತರಗತಿಯ ಪಾಠ ನೆನಪಿಸುವ, ವರ್ಷದ ಮೊದಲ ಕೆಲವು ದಿನಗಳ ಸೇತುಬಂಧ ಅವರಿಗೆ ಯಾತಕ್ಕೂ ಸಾಲದು. ಎಂಟನೇ ತರಗತಿಯ ಮೊದಲ ಮೂರು ತಿಂಗಳು ಪಠ್ಯ ಬದಿಗಿಟ್ಟು ಆರು, ಏಳರ ಗಣಿತ ಮತ್ತು ಓದು ಕಲಿಸೋಕೆ ಬಿಡಿ, ಸಿಲಬಸ್ ಎಲ್ಲಿಗೆ ಬಂತು ಅಂತ ಆ ಮೂರು ತಿಂಗಳು ಕೇಳಬೇಡಿ. ಖಾಲಿ ಇರುವ ಗಣಿತ ಶಿಕ್ಷಕರ ಹುದ್ದೆಗಳನ್ನು ಈ ಕಡೆಯ ಜಿಲ್ಲೆಗಳಲ್ಲಿ ಮೊದಲು ತುಂಬಿ.