ಬಾಗಿಲು ಮುಚ್ಚಿ ಬರೆಯಬೇಕಾದ ಪುಸ್ತಕ

ಇಂದು ಬೆಳಿಗ್ಗೆ ಫೋನು ತೆರೆದಾಗ ನಮ್ಮ ಚರ್ಚಿನ ಸಭೆಯ ವಾಟ್ಸ್‌ಆಪ್ ಗುಂಪಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಯಾರದೋ ಪ್ರಾರ್ಥನಾ ದಿನಚರಿಯ ಒಂದು ಪುಟದ ಫೋಟೋ. ಅಂಚಿನ ಸುತ್ತ ಬಣ್ಣದ ಬಳ್ಳಿ, ನೆತ್ತಿಯ ಮೇಲೆ ಚಿನ್ನದ ಶಾಯಿಯಲ್ಲಿ ಬೈಬಲಿನ ಕೀರ್ತನೆಯ ಒಂದು ವಚನ, ಅದರ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ವಿಜ್ಞಾಪನೆಗಳು, ಪ್ರತಿಯೊಂದರ ಎದುರಿಗೂ ಒಂದು ಚೌಕ, ಕೆಲವು ಚೌಕಗಳೊಳಗೆ ಹಸಿರು ಗುರುತು. ನೋಡಲು ಅಂದವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಡುವಿನ ಒಂದು ಸಾಲಿನಲ್ಲಿ ನಮಗೆಲ್ಲರಿಗೂ ಪರಿಚಯವಿರುವ ಒಬ್ಬ ಸಹೋದರಿಯ ಹೆಸರಿತ್ತು. ಆಕೆಯ ದಾಂಪತ್ಯ ಮುರಿಯದಿರಲಿ ಎಂಬ ಬೇಡಿಕೆ ಆ ಹೆಸರಿನ ಪಕ್ಕದಲ್ಲೇ ಯಾರು ಬೇಕಾದರೂ ಓದುವಷ್ಟು ಸ್ಪಷ್ಟವಾಗಿತ್ತು. ಅದರ ಕೆಳಗೆ ಆಮೆನ್‌ಗಳ ಸಾಲು, ಮುಗಿದ ಕೈಗಳ ಸಾಲು. ಆ ಸಹೋದರಿಯೂ ಅದೇ ಗುಂಪಿನಲ್ಲಿದ್ದಾಳೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ?

ಪ್ರಾರ್ಥನೆಯನ್ನು ಬರೆದಿಡಬೇಕೆಂದು ನಾನು ಎಷ್ಟು ವರ್ಷಗಳಿಂದ ವಾದಿಸುತ್ತಾ ಬಂದಿದ್ದೇನೆ ಎಂಬುದನ್ನು ಇಲ್ಲಿರುವ ಹಳೆಯ ಸ್ನೇಹಿತರು ಬಲ್ಲರು; ಕೆಲವರು ಅದರಿಂದ ಬೇಸತ್ತಿರುವುದನ್ನೂ ನಾನು ಬಲ್ಲೆ. ಆದ್ದರಿಂದ ಈ ಸಿಟ್ಟು ಹೊರಗಿನವಳದಲ್ಲ. ಬರೆಯುವವರು ಹೆಚ್ಚಿದ್ದಾರೆ ಎಂದು ಸಂತೋಷಪಡಬೇಕಾದ ಹೊತ್ತಿನಲ್ಲಿ, ತೋರಿಸಲೆಂದೇ ಬರೆಯುವವರು ಹೆಚ್ಚುತ್ತಿದ್ದಾರಲ್ಲ ಎಂದು ನಾನು ಹಲ್ಲು ಕಡಿಯುತ್ತಿದ್ದೇನೆ.

ಪ್ರಾರ್ಥಿಸುವಾಗ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿರೆಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ, ಮತ್ತು ಅದು ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠವಾಗಿರುವ ಮಾತು. ಆ ಬಾಗಿಲಿನ ಅಗತ್ಯವೇನೆಂಬುದು ಬರೆಯಲು ಕುಳಿತವರಿಗೆ ಬೇರೆಲ್ಲರಿಗಿಂತ ಬೇಗ ತಿಳಿಯುತ್ತದೆ. ದೇವರನ್ನು ಬಿಟ್ಟು ಇನ್ನೊಬ್ಬ ಓದುಗ ಇದ್ದಾನೆಂಬ ಎಣಿಕೆ ಮನಸ್ಸಿನ ಮೂಲೆಯಲ್ಲಿ ಹುಟ್ಟಿದ ಕ್ಷಣದಿಂದಲೇ ಲೇಖನಿ ಸಭ್ಯವಾಗತೊಡಗುತ್ತದೆ. "ಅವಳ ಮುಖ ನೋಡಿದರೆ ನನಗೆ ಮೈ ಉರಿಯುತ್ತದೆ, ಕ್ಷಮಿಸುವ ಮನಸ್ಸೂ ನನಗಿಲ್ಲ" ಎಂದು ಬರೆಯಬೇಕಾದ ಕಡೆ "ಸಂಬಂಧಗಳಲ್ಲಿ ಸಮಾಧಾನವನ್ನು ಅನುಗ್ರಹಿಸು" ಎಂಬ ಸಾಲು ಮೂಡುತ್ತದೆ. ಜೊತೆಯಲ್ಲಿ ಕೆಲಸ ಮಾಡುವವನಿಗೆ ಬಡ್ತಿ ಸಿಕ್ಕಿದ್ದಕ್ಕೆ ಹೊಟ್ಟೆಯುರಿದುಕೊಂಡವನು "ತೃಪ್ತಿಯ ಹೃದಯವನ್ನು ಕೊಡು" ಎಂದು ಬರೆದು, ಅಡಿಯಲ್ಲಿ ಗೆರೆ ಎಳೆಯುತ್ತಾನೆ. ಎರಡೂ ಒಳ್ಳೆಯ ಪ್ರಾರ್ಥನೆಗಳೇ. ಎರಡೂ ಬರೆದವರ ಪ್ರಾರ್ಥನೆಗಳಲ್ಲ, ಅಷ್ಟೇ. ಬೈಬಲಿನಲ್ಲಿ ಮಗನಿಗಾಗಿ ಬೇಡಿಕೊಂಡ ಹನ್ನಳನ್ನು ನೆನೆಯಿರಿ. ಅವಳ ತುಟಿ ಮಾತ್ರ ಅಲುಗುತ್ತಿತ್ತು, ಧ್ವನಿ ಕೇಳಿಸುತ್ತಿರಲಿಲ್ಲ. ಅದನ್ನು ಕಂಡ ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದು ತಿಳಿದ. ನೋಡುವವನಿಗೆ ಅಮಲಿನಂತೆ ಕಂಡ ಪ್ರಾರ್ಥನೆ ಅದು. ಅದರ ಫೋಟೋವನ್ನು ಯಾವ ಗುಂಪಿನಲ್ಲಿ ಹಾಕುತ್ತಿದ್ದೆವು?

ಬರವಣಿಗೆಯನ್ನು ದೇವರ ಮುಂದೆ ಇಡುವುದೆಂದರೆ ಹೇಗೆಂದು ನೋಡಬೇಕಾದವರು ಯೆಹೂದದ ಅರಸ ಹಿಜ್ಕೀಯನನ್ನು ನೋಡಬೇಕು. ಅಶ್ಶೂರದ ಅರಸ ಸನ್ಹೇರೀಬನಿಂದ ಬೆದರಿಕೆಯ ಪತ್ರ ಬಂದಾಗ, ಅವನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಆ ಪತ್ರವನ್ನೇ ಕರ್ತನ ಮುಂದೆ ಬಿಚ್ಚಿ ಹರವಿದ. ಶತ್ರುವಿನ ಬೈಗುಳ ತುಂಬಿದ ಆ ಕಾಗದವನ್ನು ಅವನು ಒಳ್ಳೆಯ ಭಾಷೆಗೆ ತಿದ್ದಿ ತೆಗೆದುಕೊಂಡು ಹೋಗಲಿಲ್ಲ. ಪ್ರವಾದಿ ಯೆರೆಮೀಯನಂತೂ ಇನ್ನೂ ಮುಂದೆ ಹೋಗಿ, ನೀನು ನನ್ನನ್ನು ಮರುಳುಗೊಳಿಸಿದೆ ಎಂದು ದೇವರನ್ನೇ ದೂರುತ್ತಾನೆ. ಎಂಬತ್ತೆಂಟನೆಯ ಕೀರ್ತನೆ ಯಾವ ಸಾಂತ್ವನದ ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕೂಡಿಸಿದವರು ಅದರ ಕೊನೆಗೆ ಒಂದು ಸ್ತೋತ್ರವನ್ನು ಅಂಟಿಸಲು ಹೋಗಲಿಲ್ಲ. ಆ ಬಣ್ಣದ ಬಳ್ಳಿಯ ಪುಟದ ನೆತ್ತಿಗೆ ಎಂಬತ್ತೆಂಟನೆಯ ಕೀರ್ತನೆಯ ವಚನವನ್ನು ಬರೆದವರು ಯಾರಾದರೂ ಇದ್ದರೆ ತಿಳಿಸಿ. ಅವರ ಮನೆಗೆ ಹೋಗಿ ಕೈಮುಗಿದು ಬರುತ್ತೇನೆ.

ಆ ಹಸಿರು ಗುರುತುಗಳ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಅವೂ ಇದೇ ತೋರಿಕೆಯ ಸಂತಾನ. ಬೇಡಿಕೆ ಒಂದು ಕಡೆ, ಉತ್ತರ ಇನ್ನೊಂದು ಕಡೆ, ನಡುವೆ ಗೆರೆ: ಸಾಲ ಕೊಟ್ಟವನ ವಸೂಲಿ ಪುಸ್ತಕದ ಹಾಗೆ. ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯೆಂದು ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಮೂರು ಸಾರಿ ಬೇಡಿಕೊಂಡ, ಶೂಲ ಉಳಿಯಿತು, ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು. ಅದನ್ನು ಯಾವ ಚೌಕದೊಳಗೆ ತುರುಕುವುದು? ಉತ್ತರಗಳನ್ನು ಲೆಕ್ಕವಿಡುವುದಕ್ಕೆ ಆದರ್ಶವೆಂದು ಎಲ್ಲರೂ ತೋರಿಸುವುದು ಬ್ರಿಸ್ಟಲ್‌ನ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರನ್ನು. ಅವರು ಬರೆದಿಟ್ಟದ್ದೂ ನಿಜ, ಪ್ರಕಟಿಸಿದ್ದೂ ನಿಜ. ಆದರೆ ಅದೇ ಮುಲ್ಲರ್ 1844ರಲ್ಲಿ ಐದು ಮಂದಿಯ ಮನಪರಿವರ್ತನೆಗಾಗಿ ಪ್ರಾರ್ಥಿಸಲು ಆರಂಭಿಸಿ, ಅವರಲ್ಲಿ ಇಬ್ಬರಿಗಾಗಿ ದಶಕಗಳು ಕಳೆದರೂ ಉತ್ತರ ಕಾಣದೆ ಬೇಡುತ್ತಲೇ ಇದ್ದರು, ಮತ್ತು ಉತ್ತರ ಇನ್ನೂ ಸಿಕ್ಕಿಲ್ಲವೆಂದು ಬಾಯಿಬಿಟ್ಟು ಹೇಳಿದರು. ಅವರ ಪುಸ್ತಕವನ್ನು ಮಾದರಿ ಮಾಡಿಕೊಳ್ಳುವವರು ಆ ಎರಡು ಖಾಲಿ ಚೌಕಗಳನ್ನೂ ಮಾದರಿ ಮಾಡಿಕೊಳ್ಳಬೇಡವೇ?

"ಹಾಗಾದರೆ ಸಾಕ್ಷಿಯನ್ನೇ ಹೇಳಬಾರದೇ ಅಕ್ಕಾ?" ಎಂದು ಒಬ್ಬ ತಮ್ಮ ಆಗಲೇ ಕೇಳಿಯಾಗಿದೆ. ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳುವುದನ್ನೇ ನಾವು ಸಾಕ್ಷಿ ಎನ್ನುವುದು. ಕೀರ್ತನೆಗಳೆಲ್ಲ ಎಲ್ಲರೂ ಕೂಡಿ ಹಾಡಿದವೇ ಅಲ್ಲವೇ, ಸಂತ ಆಗಸ್ಟೀನ್ ತಮ್ಮ ಪಾಪಗಳ ಅರಿಕೆಯನ್ನು ದೇವರನ್ನು ಸಂಬೋಧಿಸಿ ಬರೆದು ಲೋಕಕ್ಕೇ ಓದಲು ಕೊಡಲಿಲ್ಲವೇ ಎಂಬುದು ಅವನ ವಾದ. ತಮ್ಮಾ, ಸಾಕ್ಷಿ ಹೇಳು. ಎದ್ದು ನಿಂತು, ನಿನ್ನ ಬಾಯಿಂದ, ನಿನಗೆ ಆದದ್ದನ್ನು ಹೇಳು. ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ಆಗಸ್ಟೀನರು ಓದುಗರಿಗೆ ಕೊಟ್ಟದ್ದು ತಮ್ಮ ಪಾಪಗಳ ಕತೆಯನ್ನು, ಪೇರಳೆ ಹಣ್ಣು ಕದ್ದದ್ದನ್ನೂ ಬಿಡದೆ. ಪಕ್ಕದ ಮನೆಯವರ ಸಂಸಾರದ ಪಟ್ಟಿಯನ್ನಲ್ಲ. ಸಾಕ್ಷಿಯು ಸಭೆಗೆ ಸೇರಿದ್ದು, ದಿನಚರಿಯು ದೇವರಿಗೆ ಸೇರಿದ್ದು; ಎರಡನ್ನೂ ಒಂದೇ ಫೋಟೋದಲ್ಲಿ ಮುಗಿಸುವ ಸೋಮಾರಿತನಕ್ಕೆ ಆಗಸ್ಟೀನರನ್ನು ಎಳೆದು ತರಬೇಡ.

ಇನ್ನು ನನ್ನ ಮಾತು. ಅಣ್ಣನ ಕಡೆಯ ಕಾಯಿಲೆಯ ದಿನಗಳು ಹಳೆಯ ಸ್ನೇಹಿತರಿಗೆಲ್ಲ ಗೊತ್ತು, ಹೊಸದಾಗಿ ವಿವರಿಸುವುದಿಲ್ಲ. ಆಗ ಬರೆದ ಪುಸ್ತಕವನ್ನು ನಾನು ಬಹುಕಾಲ ತೆರೆದಿರಲಿಲ್ಲ. ಕೊನೆಗೊಮ್ಮೆ ತೆರೆದು ಓದಿದಾಗ, ನನ್ನ ನೆನಪು ಹೇಳುತ್ತಿದ್ದದ್ದಕ್ಕೂ ಪುಟಗಳು ಹೇಳುತ್ತಿದ್ದದ್ದಕ್ಕೂ ಹೊಂದಿಕೆಯೇ ಇರಲಿಲ್ಲ. ಅವನು ಗುಣವಾಗಲೆಂದು ಕಡೆಯವರೆಗೂ ಬೇಡಿಕೊಂಡೆನೆಂದು ನಾನು ನಂಬಿಕೊಂಡಿದ್ದೆ. ಪುಟಗಳಲ್ಲಿದ್ದದ್ದೇ ಬೇರೆ. ಮೊದಲು ಗುಣಪಡಿಸು ಎಂದಿದೆ, ಅಪ್ಪಣೆ ಮಾಡುವ ಧಾಟಿಯಲ್ಲಿ. ಆಮೇಲೆ ಮುಂದಿನ ಪರೀಕ್ಷೆಯ ಫಲಿತಾಂಶ ಕೆಟ್ಟದ್ದಾಗದಿರಲಿ ಎಂದಿದೆ. ಆಮೇಲೆ ಇವತ್ತೊಂದು ರಾತ್ರಿ ಅವನಿಗೆ ನಿದ್ದೆ ಬರಲಿ. ಆಮೇಲೆ ಅಮ್ಮ ಎದುರಿಗಿಲ್ಲದ ಹೊತ್ತಿನಲ್ಲಿ ಆಗಲಿ. ಕೆಲವು ಪುಟಗಳಲ್ಲಿ ತಾರೀಖು ಮಾತ್ರ ಇದೆ. ಒಂದು ಪುಟದಲ್ಲಿ ದೇವರಿಗೆ ನಾನು ಬರೆದಿರುವ ಮಾತನ್ನು ಇಲ್ಲಿ ಹಾಕಿದರೆ, ನಿಮ್ಮಲ್ಲಿ ಅರ್ಧದಷ್ಟು ಮಂದಿ ನನಗಾಗಿ ಉಪವಾಸ ಪ್ರಾರ್ಥನೆಗೆ ಕೂರುತ್ತೀರಿ. ಬೇಡಿಕೆ ಹೀಗೆ ದಿನದಿನಕ್ಕೂ ಕುಗ್ಗುತ್ತಾ ಹೋಗಿ, ಕುಗ್ಗುತ್ತಲೇ ಯಾರ ಮುಂದೆ ಕುಳಿತಿದ್ದೇನೆಂಬುದು ನನಗೆ ಗೊತ್ತಾಗುತ್ತಾ ಬಂದದ್ದನ್ನು ನನ್ನ ನೆನಪು ಉಳಿಸಿಕೊಂಡಿರಲೇ ಇಲ್ಲ. ಆ ಕೊಳಕು ಕೈಬರಹ ಉಳಿಸಿಕೊಂಡಿತ್ತು. ಯಾರಿಗಾದರೂ ತೋರಿಸುವ ಅಂದಾಜಿದ್ದಿದ್ದರೆ ಮೊದಲ ಸಾಲನ್ನೇ ಕಡೆಯವರೆಗೂ ಬರೆಯುತ್ತಿದ್ದೆನೇನೋ, ವಿಶ್ವಾಸ ಕುಂದಿದವಳೆಂಬ ಹೆಸರು ಬರುತ್ತದಲ್ಲ!

ಹೊಸದಾಗಿ ಆರಂಭಿಸುವುದು ಹೇಗೆಂದು ಕೇಳಿದವರಿಗೆ ನಾನು ಹೇಳುವುದು ಕಡಿಮೆ. ಗೆರೆಯ ಸಾದಾ ನೋಟುಪುಸ್ತಕ ಸಾಕು; ಹಾಳಾದರೆ ಬೇಸರವಾಗುವಷ್ಟು ಚೆಂದದ ಪುಸ್ತಕದಲ್ಲಿ ನಿಜ ಬರೆಯುವುದು ಕಷ್ಟ. ತಾರೀಖು ಹಾಕಿರಿ. ಮನಸ್ಸು ಬರಿದಾಗಿದ್ದರೆ ಒಂದು ಕೀರ್ತನೆ ಓದಿ, ತಡೆದು ನಿಲ್ಲಿಸಿದ ಸಾಲಿನಿಂದ ಆರಂಭಿಸಿರಿ. ಸ್ತುತಿ, ಅರಿಕೆ, ಕೃತಜ್ಞತೆ, ವಿಜ್ಞಾಪನೆ ಎಂಬ ಕ್ರಮವನ್ನು ಬೋಧಕರು ಹೇಳಿಕೊಡುತ್ತಾರೆ. ಒಳ್ಳೆಯದೇ, ಆದರೆ ಅರಿಕೆಯ ಭಾಗ ದಿನವೂ ಎರಡೇ ಸಾಲಿಗೆ ಮುಗಿಯುತ್ತಿದ್ದರೆ ಅನುಮಾನಪಡಿರಿ. ಬಿಟ್ಟುಹೋದ ದಿನಗಳನ್ನು ಆಮೇಲೆ ತುಂಬಬೇಡಿ, ಆ ಖಾಲಿಯೂ ದಾಖಲೆಯೇ. ಪ್ರತಿ ಬೇಡಿಕೆಯ ಕೆಳಗೆ ನಾಲ್ಕಾರು ಗೆರೆ ಬಿಡಿ, ಮುಂದೆ ಓದುವಾಗ ತೋಚಿದ್ದನ್ನು ಬರೆಯಲು ಜಾಗ ಬೇಕಾಗುತ್ತದೆ. ಇನ್ನೊಬ್ಬರು ನಂಬಿ ಹೇಳಿದ ಕಷ್ಟವಾದರೆ ಪೂರ್ತಿ ಹೆಸರು ಬೇಡ, ಒಂದು ಅಕ್ಷರ ಸಾಕು. ಯಾರೆಂಬುದು ಕೇಳುವಾತನಿಗೆ ಗೊತ್ತಿದೆ. ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರು 1725ರಿಂದ ಬರೆಯತೊಡಗಿದ ಖಾಸಗಿ ದಿನಚರಿಯನ್ನು ಸಂಕೇತಗಳಲ್ಲೂ ಶೀಘ್ರಲಿಪಿಯಲ್ಲೂ ಬರೆಯುತ್ತಿದ್ದರು. ಅಷ್ಟು ಬಹಿರಂಗವಾಗಿ ಬದುಕಿದ, ಬಯಲಿನಲ್ಲಿ ನಿಂತು ಸಾವಿರಾರು ಜನರಿಗೆ ಬೋಧಿಸಿದ ಮನುಷ್ಯನಿಗೂ ಯಾರೂ ಓದಲಾಗದ ಒಂದು ಪುಸ್ತಕ ಬೇಕಾಗಿತ್ತು.

ನಾವು ಹೋದ ಮೇಲೆ ಆ ಪುಸ್ತಕಗಳ ಗತಿಯೇನು ಎಂಬ ಪ್ರಶ್ನೆಯೂ ಬರುತ್ತದೆ. ಗಣಿತಜ್ಞ ಪಾಸ್ಕಲ್ 1654ರ ನವೆಂಬರ್ 23ರ ರಾತ್ರಿ ತನಗಾದ ದೈವಾನುಭವವನ್ನು ಒಂದು ಹಾಳೆಯಲ್ಲಿ ಬರೆದು, ಅದನ್ನು ಕೋಟಿನ ಒಳಬಟ್ಟೆಯಲ್ಲಿ ಹೊಲಿಸಿಕೊಂಡು ತಿರುಗಿದ. 1662ರಲ್ಲಿ ಅವನು ತೀರಿಕೊಂಡ ಮೇಲೆ ಸೇವಕನ ಕೈಗೆ ಅದು ಸಿಕ್ಕಿತು. ನನ್ನ ಪುಸ್ತಕಗಳಿಗೆ ಅಂಥ ಭಾಗ್ಯ ಬೇಡ, ಓದದೆ ಸುಟ್ಟುಬಿಡು ಎಂದು ತಂಗಿಗೆ ಹೇಳಿದ್ದೇನೆ. ಓದಿಯೇ ಸುಡುತ್ತೇನೆ ಎಂದು ಅವಳು ನಕ್ಕಳು. ಓದಿಕೊಳ್ಳಲಿ. ಅವಳ ಮೇಲೆ ನಾನು ದೇವರಲ್ಲಿ ಕೊಟ್ಟ ದೂರುಗಳೆಲ್ಲ ಅದರಲ್ಲೇ ಇವೆ, ತಾರೀಖಿನ ಸಮೇತ.