ಪದಕಕ್ಕಾಗಿ ಹುಡುಗಿಯರು ಮೈತೂಕ ಇಳಿಸಬೇಕಾ? ಪರ – ವಿರೋಧ

ಪ್ರಶ್ನೆ ಇಷ್ಟೇ. ವೇಟ್‌ಲಿಫ್ಟಿಂಗ್‌ನಲ್ಲಿ ಮೈತೂಕ ನೋಡಿ ವಿಭಾಗ ಮಾಡುತ್ತಾರೆ; 48, 53 ಅನ್ನುವುದು ಆಯಾ ವಿಭಾಗದ ಗರಿಷ್ಠ ಮೈತೂಕ. ಈ ಆಟ ಆಡುವ ಒಬ್ಬ ಹುಡುಗಿ 51 ಕೆಜಿ ಇದ್ದಾಳೆ. ಊಟ ಕಡಿಮೆ ಮಾಡಿ 48ಕ್ಕೆ ಇಳಿದರೆ ಗೆಲ್ಲುವ ಅವಕಾಶ ಜಾಸ್ತಿ ಅನ್ನುತ್ತಾರೆ. ಇದ್ದ ಹಾಗೇ 53ರ ವಿಭಾಗದಲ್ಲಿ ನಿಂತರೆ ಎದುರಾಳಿಗಳು ಗಟ್ಟಿ. ಅವಳು ಇಳಿಸಬೇಕಾ, ಬೇಡ್ವಾ?

ಶಿವಮೊಗ್ಗದ ನಮ್ಮ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಊಟ ಆರಿ ಹೋಗುತ್ತದೆ. ಅಕ್ಕನ ಮಗಳು ಈ ಆಟ ಹಿಡಿದಿದ್ದಾಳೆ, ಅವಳಿಗೀಗ ಹದಿನಾರು. ಇಳಿಸಲಿ ಅನ್ನುವವರು ಅವಳ ಒಳ್ಳೆಯದಕ್ಕೇ ಹೇಳುತ್ತಾರೆ, ಅವರ ಮಾತಲ್ಲಿ ಹುರುಳೂ ಇದೆ. ಹಾಗಾಗಿ ಮೊದಲು ಅದನ್ನೇ ಬರೆಯುತ್ತೇನೆ.

ಪರ: ಇಳಿಸಲಿ

ಈ ಆಟದಲ್ಲಿ ಎಷ್ಟು ಎತ್ತುತ್ತೀರಿ ಅನ್ನುವುದು ಅರ್ಧ, ಯಾರ ಜೊತೆ ನಿಂತು ಎತ್ತುತ್ತೀರಿ ಅನ್ನುವುದು ಇನ್ನರ್ಧ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಮಹಿಳೆಯರ 49 ಕೆಜಿ ವಿಭಾಗದಲ್ಲಿ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಎತ್ತುವುದು) 88, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ ತಂದು ಆಮೇಲೆ ಮೇಲಕ್ಕೆ ತಳ್ಳುವುದು) 111, ಒಟ್ಟು 199 ಕೆಜಿ ಎತ್ತಿ ನಾಲ್ಕನೆಯವರಾದರು. ಕಂಚು ಹೋಗಿದ್ದು 200 ಎತ್ತಿದ ಥಾಯ್ಲೆಂಡಿನ ಹುಡುಗಿಗೆ. ಒಂದೇ ಒಂದು ಕೆಜಿ. ಅದರ ಮೇಲಿನ ವಿಭಾಗ ಯಾವುದು ಗೊತ್ತಾ? ನೇರ 59. ಅಲ್ಲಿ ಕಂಚಿಗೆ 235 ಕೆಜಿ ಎತ್ತಬೇಕಾಯಿತು. ನಡುವೆ ಏನೂ ಇರಲಿಲ್ಲ. ಅಂದರೆ 53 ಕೆಜಿ ತೂಗುವ ಹುಡುಗಿಗೆ ಪ್ಯಾರಿಸ್‌ಗೆ ಹೋಗಲು ಎರಡೇ ದಾರಿ: ನಾಲ್ಕು ಕೆಜಿ ಇಳಿಯಬೇಕು, ಇಲ್ಲಾ ತನಗಿಂತ ಆರು ಕೆಜಿ ಹೆಚ್ಚು ತೂಗುವವರ ಸಾಲಲ್ಲಿ ನಿಲ್ಲಬೇಕು. ಇಂಥ ಲೆಕ್ಕ ಎದುರಿಗಿದ್ದಾಗ ಇಳಿಸಬೇಡ ಅನ್ನುವುದು ಸುಲಭ. ಆದರೆ ವಿಭಾಗಗಳನ್ನು ಹೀಗೆ ಮಾಡಿದ್ದು ಆ ಹುಡುಗಿ ಅಲ್ವಲ್ಲ.

ಇನ್ನೊಂದು ವಿಷಯ. ಮಹಿಳೆಯರ ವೇಟ್‌ಲಿಫ್ಟಿಂಗ್‌ನಲ್ಲಿ ನಮ್ಮ ದೇಶಕ್ಕೆ ಪದಕ ತಂದವರಲ್ಲಿ ಸಣ್ಣ ಮೈಯವರೇ ಜಾಸ್ತಿ. ಮಣಿಪುರದ ಕುಂಜರಾಣಿ ದೇವಿ 1989ರಲ್ಲೇ ಮ್ಯಾಂಚೆಸ್ಟರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 44 ಕೆಜಿ ವಿಭಾಗದ ಬೆಳ್ಳಿ ತಂದರು, 2006ರ ಕಾಮನ್‌ವೆಲ್ತ್‌ನಲ್ಲಿ 48 ಕೆಜಿಯ ಚಿನ್ನ ಗೆದ್ದರು. 2014ರ ಗ್ಲಾಸ್ಗೊದಲ್ಲಿ ಅದೇ 48ರಲ್ಲಿ ಸಂಜಿತಾ ಚಾನು ಚಿನ್ನ, ಮೀರಾಬಾಯಿ ಬೆಳ್ಳಿ. ಆಮೇಲೆ 2018 ಮತ್ತು 2022, ಎರಡೂ ಸಲ ಚಿನ್ನ ಮೀರಾಬಾಯಿಯದೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 202 ಕೆಜಿ ಎತ್ತಿ ಗೆದ್ದ ಬೆಳ್ಳಿಯಂತೂ ಎಲ್ಲರಿಗೂ ನೆನಪಿದೆ. 2000ದಲ್ಲಿ ಸಿಡ್ನಿಯ 69 ಕೆಜಿ ವಿಭಾಗದಲ್ಲಿ ಕರ್ಣಂ ಮಲ್ಲೇಶ್ವರಿ 240 ಎತ್ತಿ ಕಂಚು ಗೆದ್ದರು ನಿಜ, ಆದರೆ ಅಂಥ ತೂಕದಲ್ಲಿ ನಮಗೆ ಇನ್ನೊಂದು ಒಲಿಂಪಿಕ್ ಪದಕ ಬಂದಿಲ್ಲ.

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹುಡುಗಿಯರೂ ಹೆಚ್ಚಿನವರು ಸಣ್ಣ ಮೈಯವರೇ. ಸೊಪ್ಪಿನ ಹೊರೆ, ಹುಲ್ಲಿನ ಹೊರೆ ಹೊತ್ತು ಗುಡ್ಡ ಇಳಿದ ಕಾಲುಗಳು ಅವು. ಅವರಿಗೆ ಹೊಂದುವ ಜಾಗ ಕೆಳಗಿನ ವಿಭಾಗವೇ ಅನ್ನುವ ಕೋಚ್‌ಗಳ ಮಾತು ಸುಮ್ನೆ ಹೇಳಿದ್ದಲ್ಲ.

ಇಳಿಸುವುದು ಅಂದರೆ ಉಪವಾಸ ಬೀಳುವುದೇ ಆಗಬೇಕಿಲ್ಲ. ಒಂದು ಕೆಜಿಯಷ್ಟು ಆದರೆ ಕೊನೆಯ ಎರಡು ದಿನ ಉಪ್ಪು, ನಾರಿನ ತರಕಾರಿ, ಉಪ್ಪಿನಕಾಯಿ ಬಿಟ್ಟರೂ ಸಾಕಷ್ಟು ಇಳಿಯುತ್ತದೆ. ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು, ಒಂದು ಗಂಟೆ ಹೊತ್ತು. ಅಲ್ಲಿಂದ ಪ್ಲಾಟ್‌ಫಾರ್ಮ್ ಹತ್ತುವವರೆಗೆ ಓಆರ್‌ಎಸ್ ಕುಡಿದು, ಬಾಳೆಹಣ್ಣು, ಜೇನುತುಪ್ಪ ತಿಂದು ಸುಧಾರಿಸಿಕೊಳ್ಳುವವರು ಇದ್ದಾರೆ. ಹೊಣೆಗಾರಿಕೆ ಇರುವ ಕೋಚ್, ಗೊತ್ತಿರುವ ಡಯಟಿಷಿಯನ್ ಜೊತೆಗಿದ್ದರೆ ಇದು ಆಟದ ಒಂದು ಭಾಗ, ಅಷ್ಟೇ.

ಕೊನೆಗೆ ಹೊಟ್ಟೆಪಾಡಿನ ಮಾತು. ನನ್ನ ಪ್ರಕಾರ ಪರವಾದಿಗಳ ಗಟ್ಟಿ ವಾದ ಇದೇ. ಎರಡು ಎಕರೆ ತೋಟ, ಎಲೆಚುಕ್ಕಿ ರೋಗ ಬಂದು ಅರ್ಧ ಫಸಲು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅಂಥ ಮನೆಯ ಹುಡುಗಿಗೆ ರಾಷ್ಟ್ರಮಟ್ಟದ ಒಂದು ಪದಕ ಅಂದರೆ ಕ್ರೀಡಾ ಕೋಟಾದ ಕಾಲೇಜು ಸೀಟು, ಹಾಸ್ಟೆಲ್, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸದ ದಾರಿ. ಗಂಡುಬೀರಿ, ಇವಳನ್ನು ಯಾರು ಮದುವೆ ಆಗ್ತಾರೆ ಅಂದ ನೆಂಟರೆಲ್ಲ ಪೇಪರಿನಲ್ಲಿ ಫೋಟೋ ಬಂದ ದಿನ ಫೋನ್ ಮಾಡುತ್ತಾರೆ. ಮೂರು ಕೆಜಿ ಇಳಿಸಿದರೆ ಇಷ್ಟು ಸಿಗುತ್ತದೆ ಅಂದಾಗ ಬೇಡ ಅನ್ನುವ ಹಕ್ಕು, ಹೊಟ್ಟೆ ತುಂಬಿದ ನಮ್ಮಂಥವರಿಗೆ ಎಷ್ಟಿದೆ?

ವಿರೋಧ: ಬೇಡ

ಮೇಲಿನದ್ದೆಲ್ಲ ಓದಿದ ಮೇಲೂ ನಾನು ಬೇಡ ಅನ್ನುವವಳು. ಯಾಕೆಂದರೆ ಆ ವಾದದಲ್ಲಿ ಬರುವ ಹುಡುಗಿಯೇ ಬೇರೆ. ಅವಳ ಹಿಂದೆ ಡಯಟಿಷಿಯನ್ ಇದ್ದಾರೆ, ಫಿಸಿಯೋ ಇದ್ದಾರೆ, ವಯಸ್ಸು ಇಪ್ಪತ್ತು ದಾಟಿದೆ. ನಮ್ಮಲ್ಲಿ ನಡೆಯುವುದು ಹೀಗೆ.

ಒಂದು ಊರಿನ ಕೂಟ. ತೂಕ ನೋಡುವ ಕೋಣೆಯ ಹೊರಗೆ ನಾನು ಬ್ಯಾಗ್ ಹಿಡಿದು ನಿಂತಿದ್ದೆ. ಒಳಗೆ ಹೋದ ಅಕ್ಕನ ಮಗಳು ಎರಡು ನಿಮಿಷಕ್ಕೆ ಹೊರಗೆ ಬಂದಳು. 48.40. ಮಿತಿ 48. ಗಂಟೆ ಮುಗಿಯುವವರೆಗೆ ಮತ್ತೆ ಮತ್ತೆ ಹೋಗಿ ನಿಲ್ಲಬಹುದು, ನಿಯಮ ಹಾಗಿದೆ. ಸರಿ, ಎರಡು ಸ್ವೆಟರ್, ಅದರ ಮೇಲೆ ಮಳೆಗಾಲಕ್ಕೆ ತಂದ ರೈನ್‌ಕೋಟ್ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡಿದಳು. ಬಾಯಲ್ಲಿ ಚ್ಯೂಯಿಂಗ್ ಗಮ್, ಕೈಯಲ್ಲಿ ಖಾಲಿ ಬಾಟಲಿ. ಉಗುಳು ಬಂದ ಹಾಗೆಲ್ಲ ಅದರೊಳಗೆ. ತುಟಿ ಬಿಳಿಚಿ ಒಡೆದಿತ್ತು. ನೀರಿನ ಬಾಟಲಿ ತೆಗೆದರೆ "ಬೇಡ ಚಿಕ್ಕಿ, ತೋರಿಸಬೇಡ ಅದನ್ನ" ಅಂದು ಮುಖ ತಿರುಗಿಸಿದಳು. ಜಡೆಯ ರಬ್ಬರ್ ಬ್ಯಾಂಡ್, ಕಿವಿಯ ಓಲೆ, ಕಾಲಿನ ದಾರ ಎಲ್ಲ ನನ್ನ ಕೈಗೆ ಬಂತು. ಗಂಟೆ ಮುಗಿಯುವ ಹೊತ್ತಿಗೆ ತೂಕ ಸರಿಹೋಯಿತು. ಕೋಚ್ ಬೆನ್ನು ತಟ್ಟಿದರು. ಆಮೇಲೆ ತಿಂದ ಬಾಳೆಹಣ್ಣು ಅಲ್ಲೇ ವಾಂತಿ ಆಯಿತು.

ಸ್ಪರ್ಧೆಯಲ್ಲಿ ಆಗಿದ್ದು ಇನ್ನೂ ಬೇಜಾರು. ಜಿಮ್‌ನಲ್ಲಿ ದಿನಾ ಎತ್ತುವ ತೂಕವನ್ನೇ ಬಾರ್‌ಗೆ ಹಾಕಿಸಿದ್ದರು. ಭುಜದವರೆಗೆ ತಂದಳು, ಎದ್ದು ನಿಂತಳು. ಮೇಲಕ್ಕೆ ತಳ್ಳುವಾಗ ಮೊಣಕೈ ನಡುಗಿ ಬಾರ್ ಮುಂದಕ್ಕೆ ಬಿತ್ತು. ಮೂರು ಅಟೆಂಪ್ಟೂ ಹೀಗೇ. ಕ್ಲೀನ್ ಅಂಡ್ ಜರ್ಕ್‌ನ ಮೂರರಲ್ಲಿ ಒಂದು ಲಿಫ್ಟೂ ಸರಿಯಾಗದಿದ್ದರೆ ಒಟ್ಟು ಮೊತ್ತವೇ ಇಲ್ಲ, ಪಟ್ಟಿಯಲ್ಲಿ ಹೆಸರಿನ ಮುಂದೆ ಖಾಲಿ. ಇಳಿಸಿದ ತೂಕ ಎಲ್ಲಿಂದ ಹೋಯಿತು ಅಂತ ಯಾರೂ ಕೇಳಲಿಲ್ಲ. ಕೊಬ್ಬೇ ಇಲ್ಲದ ಮೈಯಿಂದ ಮೂರು ಕೆಜಿ ತೆಗೆದರೆ ಹೋಗುವುದು ನೀರು ಮತ್ತು ಮಾಂಸಖಂಡ. ಭಾರ ಎತ್ತಬೇಕಾದದ್ದು ಅದೇ ಮಾಂಸಖಂಡ ಅಲ್ವಾ?

ಎರಡು ಗಂಟೆಯಲ್ಲಿ ಸುಧಾರಿಸಿಕೊಳ್ಳಬಹುದು ಅನ್ನುವುದನ್ನು ದೊಡ್ಡವರ ವಿಷಯದಲ್ಲೂ ನಾನು ಪೂರ್ತಿ ನಂಬುವುದಿಲ್ಲ. ಆಟ ಬೇರೆ ಆದರೂ ವಿನೇಶ್ ಫೋಗಟ್ ಕಥೆ ನೆನಪಿರಲಿ. ಪ್ಯಾರಿಸ್‌ನಲ್ಲಿ ಕುಸ್ತಿಯ 50 ಕೆಜಿ ಫೈನಲ್ ದಿನ 100 ಗ್ರಾಂ ಹೆಚ್ಚಾಯಿತು. ರಾತ್ರಿಯಿಡೀ ಬೆವರಿಳಿಸಿದ್ದರು, ಕೂದಲು ಕತ್ತರಿಸಿದ್ದರು, ಆದರೂ ಅನರ್ಹರಾದರು. ಆಮೇಲೆ ಮೈಯಲ್ಲಿ ನೀರಿಲ್ಲದೆ ಆಸ್ಪತ್ರೆ ಸೇರಿದರು. ಡಾಕ್ಟರು, ಕೋಚು ಎಲ್ಲರೂ ಪಕ್ಕದಲ್ಲಿದ್ದೂ ಹೀಗಾಯಿತು.

ಈಗ ಯಾರೂ ಬಾಯಿಬಿಟ್ಟು ಹೇಳದ ಎರಡು ಮಾತು. ಒಂದು ಮುಟ್ಟು. ಆ ದಿನಗಳ ಹತ್ತಿರ ಮೈಯಲ್ಲಿ ನೀರು ನಿಂತು ತೂಕ ಏರುವುದು ಎಷ್ಟೋ ಹೆಂಗಸರಿಗೆ ಗೊತ್ತು. ಪ್ಯಾರಿಸ್‌ನಲ್ಲಿ ಸೋತ ಮೇಲೆ ಮೀರಾಬಾಯಿಯೇ ಹೇಳಿದರು, ತನಗೆ ಅವತ್ತು ಮುಟ್ಟಿನ ಮೂರನೆಯ ದಿನ, ಸುಸ್ತಿತ್ತು ಅಂತ. ಇಡೀ ದೇಶದ ಮುಂದೆ ಅವರು ಅದನ್ನು ಹೇಳಿದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು. ನಮ್ಮ ಹುಡುಗಿಯರು ಕೋಚ್‌ಗೆ ಹೇಳುತ್ತಾರಾ? ಸರ್ ಮುಂದೆ ಹೇಳಲು ನಾಚಿಕೆ ಆಗಿ, ಇನ್ನಷ್ಟು ಊಟ ಬಿಡುತ್ತಾರೆ. ಹೀಗೇ ಊಟ ಕಡಿಮೆ, ಕಸರತ್ತು ಜಾಸ್ತಿ ಆಗುತ್ತಾ ಹೋದರೆ ಮುಟ್ಟೇ ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮುಟ್ಟು ನಿಂತರೆ "ಒಳ್ಳೇದೇ ಆಯ್ತು, ಪ್ರಾಕ್ಟೀಸ್‌ಗೆ ತೊಂದರೆ ಇಲ್ಲ" ಅನ್ನುವ ಹುಡುಗಿಯರ ಮಾತು ಕೇಳಿದ್ದೇನೆ. ಹೊಟ್ಟೆ ಉರಿಯುತ್ತದೆ.

ಎರಡನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು. ಮೊದಲೇ ರಕ್ತ ಕಡಿಮೆ ಇರುವ ಮಗುವಿಗೆ ಮೊಟ್ಟೆ ಬಿಡು, ಕಡುಬು ಬಿಡು, ಮೀನು ಸಾರಿಗೆ ಅನ್ನ ಹಾಕಿಕೊಳ್ಳಬೇಡ ಅನ್ನುವುದು ಯಾವ ನ್ಯಾಯ? ಆಷಾಢದ ಮಳೆಯಲ್ಲಿ ಎಲ್ಲರೂ ಬಿಸಿ ಕಡುಬಿಗೆ ಕೋಳಿ ಸಾರು ಹಾಕಿಕೊಂಡು ಕೂತಿರುವಾಗ ಬೆಳೆಯುವ ಹುಡುಗಿ ಸೌತೆಕಾಯಿ ತಿಂದು ಎದ್ದು ಹೋಗುವುದನ್ನು ನೋಡಿ ನನ್ನ ಅಕ್ಕ ಎಷ್ಟು ಸಲ ಅತ್ತಿದ್ದಾಳೋ.

ಮಾತ್ರೆಯ ಭಯವೂ ಇದೆ. ಮೂತ್ರ ಜಾಸ್ತಿ ಮಾಡಿಸಿ ನೀರಿಳಿಸುವ ಮಾತ್ರೆಗಳು ಕ್ರೀಡೆಯಲ್ಲಿ ನಿಷೇಧಿತ. ಒಲಿಂಪಿಕ್ಸ್‌ಗೆ ಮಹಿಳೆಯರ ವೇಟ್‌ಲಿಫ್ಟಿಂಗ್ ಬಂದಿದ್ದೇ 2000ದ ಸಿಡ್ನಿಯಲ್ಲಿ. ಅತಿ ಹಗುರ 48 ಕೆಜಿಯ ಚಿನ್ನ ಬಲ್ಗೇರಿಯಾದ ಇಜಾಬೆಲಾ ಡ್ರಾಗ್ನೇವಾಗೆ ಸಿಕ್ಕಿತು, ಅಂಥದೇ ಮಾತ್ರೆ ಫ್ಯೂರೋಸಮೈಡ್ ಸಿಕ್ಕಿಬಿದ್ದು ಕೈತಪ್ಪಿತು. ಚಿನ್ನ ಅಮೆರಿಕದ ಟಾರಾ ನಾಟ್ ಪಾಲಾಯಿತು. ಅಷ್ಟು ದೊಡ್ಡ ಮಟ್ಟದಲ್ಲೇ ಹೀಗೆ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬಳು "ಇದನ್ನು ತಗೋ, ನಾಳೆಗೆ ಇಳಿಯುತ್ತೆ" ಅಂದರೆ ಹದಿನಾರರ ಹುಡುಗಿ ಏನು ಮಾಡಬೇಕು?

ಕೆಳಗಿನ ವಿಭಾಗದಲ್ಲಿ ಗೆಲುವು ಸುಲಭ ಅನ್ನುವ ಮಾತೂ ಈಗ ಹಳೆಯದು. 2025ರ ಅಕ್ಟೋಬರ್‌ನಲ್ಲಿ ನಾರ್ವೆಯ ಫೋರ್ಡೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೀರಾಬಾಯಿ 48ಕ್ಕೆ ಇಳಿದು 199 ಎತ್ತಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಉತ್ತರ ಕೊರಿಯಾದ ರಿ ಸಾಂಗ್ ಗುಮ್ ಎತ್ತಿದ್ದು 213. ಹದಿನಾಲ್ಕು ಕೆಜಿ ಅಂತರ!

ಅದಕ್ಕಿಂತ ದೊಡ್ಡ ಮಾತು, ಈ ವಿಭಾಗಗಳು ಒಂದೇ ಕಡೆ ನಿಲ್ಲುವುದಿಲ್ಲ. 2018ರವರೆಗೆ 48 ಇತ್ತು. ಆಮೇಲೆ 49 ಮಾಡಿದರು. 2025ರ ಜೂನ್‌ನಲ್ಲಿ ಮತ್ತೆ 48. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಅತಿ ಹಗುರ ವಿಭಾಗವೇ 53! ಅಂದರೆ ಇಷ್ಟು ವರ್ಷ ತೂಕ ಕಾಯ್ದುಕೊಂಡು ಬಂದ ಮೀರಾಬಾಯಿಯಂಥವರೇ ಈಗ ಮೈ ಬೆಳೆಸಿಕೊಂಡು ಮೇಲಕ್ಕೆ ಹೋಗಬೇಕು. ನಮ್ಮ 51 ಕೆಜಿಯ ಹುಡುಗಿ ಏನೂ ಮಾಡದೆ, ಹೊಟ್ಟೆ ತುಂಬ ಉಂಡು, ಗಟ್ಟಿ ಕಾಲು ಬೆಳೆಸಿಕೊಂಡರೆ ತಾನಾಗಿ 53ಕ್ಕೆ ಬರುತ್ತಾಳೆ. ಅವಳನ್ನು ಹಿಡಿದು 48ಕ್ಕೆ ಎಳೆಯುವುದು ಯಾವ ಲೆಕ್ಕ? ಸಣ್ಣ ಮೈಯವರಿಗೆ ಒಲಿಂಪಿಕ್ಸ್ ಬಾಗಿಲು ಹಾಕಿದ್ದು ಅನ್ಯಾಯ ಅಂತ ನನಗೂ ಅನಿಸುತ್ತದೆ, ನಿಜವಾಗಿ 46–47 ತೂಗುವ ಹುಡುಗಿಯರಿಗಾಗಿ ಆ ಮಾತು ಆಡಲೇಬೇಕು. ಆದರೆ ಇಳಿಸಿ 48 ಆದವಳ ಪರವಾಗಿ ಅಲ್ಲ.

ಮೇಲಕ್ಕೆ ಹೋದರೆ ಪದಕ ಬರುವುದಿಲ್ಲ ಅನ್ನುವವರು ಘಟ್ಟದ ಕೆಳಗೆ ನೋಡಲಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗದಲ್ಲಿ 249 ಎತ್ತಿ ಬೆಳ್ಳಿ ಗೆದ್ದರು. ಆ ವಿಭಾಗವೇ ಹೋಯಿತು. 2022ರಲ್ಲಿ 61ರಲ್ಲಿ ನಿಂತು 269 ಎತ್ತಿದರು, ಕಂಚು ಬಂತು. ಮೈ ಬೆಳೆಯಿತು, ಎತ್ತುವ ಭಾರ ಇಪ್ಪತ್ತು ಕೆಜಿ ಏರಿತು, ಪದಕವೂ ಸಿಕ್ಕಿತು. ಅವರು ಗಂಡಸು, ಅನುಭವಿ, ಒಪ್ಪುತ್ತೇನೆ. ಆದರೂ ದಾರಿ ಅದೇ.

ಕೆಲಸದ ಮಾತಿಗೆ ನನ್ನ ಉತ್ತರ ಒಂದೇ. ಇಳಿಸಿ ಇಳಿಸಿ ಹತ್ತೊಂಬತ್ತಕ್ಕೆ ಬೆನ್ನು ಹಿಡಿದು ಆಟ ಬಿಟ್ಟವಳಿಗೆ ಯಾವ ಕೋಟಾ ಉಪಯೋಗಕ್ಕೆ ಬರುತ್ತದೆ? ಆಟದಲ್ಲಿ ಉಳಿದವಳಿಗೆ ತಾನೇ ಪದಕ.

ಹದಿನೆಂಟು ದಾಟಲಿ, ಡಾಕ್ಟರ ಜೊತೆ ಮಾತಾಡಿ ಅವಳೇ ನಿರ್ಧಾರ ಮಾಡಲಿ, ಆಗ ನಾನು ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ಕೋಚ್‌ಗಳಲ್ಲಿ ನನ್ನ ಬೇಡಿಕೆ ಇಷ್ಟು: ಯಾವ ವಿಭಾಗಕ್ಕೆ ಎಂಟ್ರಿ ಕೊಡಬೇಕು ಅಂತ ಬರೆಯುವ ಮೊದಲು ಹುಡುಗಿಯ ಹಿಮೋಗ್ಲೋಬಿನ್ ರಿಪೋರ್ಟ್ ಕೇಳಿ, ತಾಲ್ಲೂಕು ಆಸ್ಪತ್ರೆಯಲ್ಲೇ ಆ ಪರೀಕ್ಷೆ ಆಗುತ್ತದೆ. ಹುಡುಗಿಯರಿರುವ ತಂಡದ ಜೊತೆ ಅವರು ಮನಸ್ಸು ಬಿಚ್ಚಿ ಮಾತಾಡುವಂಥ ಒಬ್ಬ ಹೆಂಗಸನ್ನು ಕಳಿಸಿ. ಮತ್ತು ಬೆಳಗ್ಗೆ ಏಳುತ್ತಲೇ ತೂಕದ ಮಷೀನ್ ಮೇಲೆ ನಿಲ್ಲಿಸುವ ಮೊದಲು, ರಾತ್ರಿ ಏನು ಊಟ ಮಾಡಿದೆ ಅಂತ ಕೇಳಿ.