ಲೈಕ್ಲಿ ಮಳೆ, ವೆರಿ ಲೈಕ್ಲಿ ರಜೆ

ಜೂನ್ ಬಂತೆಂದರೆ ಮಂಗಳೂರಿನ ಮಕ್ಕಳಿಗೆ ಇಂಗ್ಲಿಷಿನ ಒಂದು ಪದ ಚೆನ್ನಾಗಿ ಬರುತ್ತದೆ. ಲೈಕ್ಲಿ, ಅಂದರೆ ಆಗುವ ಸಂಭವ ಉಂಟು ಎಂದು. ಸ್ಪೆಲ್ಲಿಂಗ್ ಕೇಳಬೇಡಿ. ಹವಾಮಾನ ಇಲಾಖೆಯವರು 'ಹೆವಿ ರೇನ್‌ಫಾಲ್ ವೆರಿ ಲೈಕ್ಲಿ' ಎಂದು ಬರೆಯುತ್ತಾರೆ, ಟಿವಿಯವರು ಅದನ್ನು 'ಕರಾವಳಿಗೆ ಭಾರೀ ಮಳೆ' ಎಂದು ಕಿರುಚುತ್ತಾರೆ, ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುವಷ್ಟರಲ್ಲಿ ಅದು 'ನಾಳೆ ರಜೆ ಅಂತೆ' ಆಗಿರುತ್ತದೆ. ಡಿಸಿ ಸಾಹೇಬರು ಇನ್ನೂ ಊಟಕ್ಕೂ ಕೂತಿರುವುದಿಲ್ಲ.

ರಜೆ ಕೊಟ್ಟರೆ ಮರುದಿನ ಬಿಸಿಲು. ಕೊಡದಿದ್ದರೆ ಕೊಟ್ಟಾರ ಚೌಕಿಯಲ್ಲಿ ಮೊಣಕಾಲವರೆಗೆ ನೀರು. ಬೈಗುಳ ಮಾತ್ರ ಎರಡೂ ದಿನ ಡಿಸಿಯವರಿಗೇ.

ಲೈಕ್ಲಿ ಎಂದು ಬರೆದವರನ್ನು ಹಿಡಿಯೋಣ ಅಂದರೆ ಅವರು ಸಿಗುವವರಲ್ಲ ಮಾರಾಯ್ರೆ. ಅಳತೆ ಇಟ್ಟುಕೊಂಡೇ ಬರೆದಿದ್ದಾರೆ. ಇಲಾಖೆಯ ಬುಲೆಟಿನ್‌ನಲ್ಲಿ ಯಾರೂ ಓದದ ಒಂದು ಪಟ್ಟಿ ಉಂಟು. ಅದರ ಪ್ರಕಾರ ಲೈಕ್ಲಿ ಅಂದರೆ ಸಾಧ್ಯತೆ ನೂರಕ್ಕೆ 25ರಿಂದ 50. ವೆರಿ ಲೈಕ್ಲಿ 50ರಿಂದ 75. ಮೋಸ್ಟ್ ಲೈಕ್ಲಿ ಅಂದರೆ ಮಾತ್ರ 75ಕ್ಕಿಂತ ಜಾಸ್ತಿ. ಅಂದರೆ ಬರೀ 'ಲೈಕ್ಲಿ' ಅಂದ ದಿನ ಭಾರೀ ಮಳೆ ಬಾರದೇ ಇರುವ ಸಾಧ್ಯತೆಯೇ ದೊಡ್ಡದು! 'ಭಾರೀ' ಎಂದರೆ ಎಷ್ಟು ಎಂದು ಕೇಳಿ ನೋಡಿ, 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ ಮೇಲೆ ಎಂದು ಪಾಯಿಂಟ್ ಐದರವರೆಗೆ ಲೆಕ್ಕ ಕೊಡುತ್ತಾರೆ. ಬರುತ್ತದೋ ಇಲ್ಲವೋ ಎಂಬಲ್ಲಿ ಮಾತ್ರ ಲೈಕ್ಲಿ.

ಇನ್ನು ಹವಾಮಾನ ಬದಲಾವಣೆಯ ಲೆಕ್ಕ ಹಾಕುವ, ಜಿನೀವಾದಲ್ಲಿ ಕಚೇರಿ ಇರುವ ವಿಶ್ವಸಂಸ್ಥೆಯ ಐಪಿಸಿಸಿ ವರದಿ ತೆಗೆದರೆ ಅಲ್ಲಿ ಲೈಕ್ಲಿ ಎಂದರೆ ಕಡಿಮೆ ಅಂದರೂ 66, ವೆರಿ ಲೈಕ್ಲಿ ಎಂದರೆ 90. ಪದ ಅದೇ. ಜಿನೀವಾದವರ ಲೈಕ್ಲಿಗೆ ಕೊಡೆ ಹಿಡಿದೇ ಹೊರಡಬೇಕು, ನಮ್ಮ ಲೈಕ್ಲಿಗೆ ನಿಮ್ಮಿಷ್ಟ.

ವ್ಯಾಕರಣದವರದ್ದು ಬೇರೆಯೇ ಜಗಳ. ಅಮೆರಿಕದವರು 'ಇಟ್ ವಿಲ್ ಲೈಕ್ಲಿ ರೇನ್' ಎಂದು ಸಲೀಸಾಗಿ ಹೇಳುತ್ತಾರೆ. ಬ್ರಿಟಿಷ್ ಇಂಗ್ಲಿಷಿನ ಹಳೆಯ ಮಡಿವಂತರಿಗೆ ಅದು ಆಗದು. ಲೈಕ್ಲಿ ಕ್ರಿಯಾವಿಶೇಷಣವಾಗಿ ಒಂಟಿಯಾಗಿ ತಿರುಗಬಾರದು, ವೆರಿಯೋ ಮೋಸ್ಟೋ ಜೊತೆಗೆ ಇರಲೇಬೇಕು. ಸಂಜೆ ಆರರ ಮೇಲೆ ಹೆಣ್ಣುಮಕ್ಕಳಿಗೆ ಹಾಕುವ ರೂಲ್ಸಿನ ಹಾಗೆ.

ಮಳೆಗಾದರೂ ಲೈಕ್ಲಿ ಇರಲಿ, ಅದು ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಸಿಮೆಂಟು, ಜಲ್ಲಿ, ಜೆಸಿಬಿ ಎಲ್ಲ ಕೈಯಲ್ಲೇ ಇರುವವರಿಗೂ ಈ ಪದ ಯಾಕೆ? ನಮ್ಮ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಶುರುವಾಗಿ 2020ರ ಜನವರಿ 31ಕ್ಕೆ ತೆರೆಯಿತು. ನಡುವಿನ ಅಷ್ಟೂ ವರ್ಷ ಅದು 'ಮುಂದಿನ ತಿಂಗಳು ಲೈಕ್ಲಿ'ಯಾಗಿಯೇ ನಿಂತಿತ್ತು. ಊರಿನಲ್ಲಿ ಈ ರೋಗ ತಗುಲದವರು ಸಿಟಿ ಬಸ್ ಕಂಡಕ್ಟರ್‌ಗಳು ಮಾತ್ರ. 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಅಂದರೆ ಬಸ್ಸು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೇ ಹೋಗುತ್ತದೆ.

ನನ್ನದೊಂದು ಸಲಹೆ ಉಂಟು. ರಜೆಯನ್ನೂ ಇಲಾಖೆಯ ಪಟ್ಟಿ ನೋಡಿಯೇ ಕೊಡಲಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಲೈಕ್ಲಿ ದಿನ ರೋಲ್ ನಂಬರ್ 1ರಿಂದ 15ರವರೆಗೆ ರಜೆ, ವೆರಿ ಲೈಕ್ಲಿ ಆದರೆ 25ರವರೆಗೆ, ಉಳಿದವರು ಛತ್ರಿ ಹಿಡಿದು ಬರಲಿ. ಮೇಷ್ಟ್ರುಗಳಿಗೆ ಹೇಗೂ ಲಾಭ ಇಲ್ಲ. ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನ ಮಾಡಿ ಮುಗಿಸಬೇಕು ಎಂಬ ಆದೇಶದಲ್ಲಿ ಯಾವ ಲೈಕ್ಲಿಯೂ ಇರುವುದಿಲ್ಲ.